ಹೆಡ್ ಕ್ಲರ್ಕರ ಏಳು ಕಮೆಂಟು

ಓದದೆಯೇ ಮೆಚ್ಚುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು, ಏಕಾಗ್ರತೆ ಬೇಕು, ಎದುರಿಗಿರುವ ಅಕ್ಷರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಇಂದ್ರಿಯನಿಗ್ರಹ ಬೇಕು. ನಮ್ಮ ಹೆಡ್ ಕ್ಲರ್ಕರಿಗೆ ಇವು ಮೂರೂ ಇದ್ದವು. ಇಪ್ಪತ್ತನಾಲ್ಕು ವರ್ಷ ಅರ್ಜಿ ವಿಭಾಗದಲ್ಲಿ ಕೂತು, ಮುಂದೆ ಬಂದ ಕಾಗದಕ್ಕೆಲ್ಲ 'ಪರಿಶೀಲಿಸಲಾಗಿದೆ' ಎಂದು ಮೊಹರು ಒತ್ತಿದ ಕೈ ಅದು. ಪರಿಶೀಲಿಸಿದರೇ ಎಂದು ಮಾತ್ರ ಕೇಳಬೇಡಿ. ದಿನಕ್ಕೆ ಇನ್ನೂರು ಅರ್ಜಿ ಬರುವ ಕಡೆ ಒಂದೊಂದನ್ನೂ ಓದುತ್ತ ಕೂತರೆ ಮೊಹರು ಒತ್ತುವುದು ಯಾವಾಗ? (ಇದು ಅವರದೇ ಪ್ರಶ್ನೆ. ಇದಕ್ಕೆ ಎದುರುತ್ತರ ಕೊಡುವವರು ಆ ಆಫೀಸಿನಲ್ಲಿ ಇನ್ನೂ ಹುಟ್ಟಿಲ್ಲ.)

ಮೊಹರಿನ ಬಗ್ಗೆ ಅವರದೊಂದು ಸಿದ್ಧಾಂತವೂ ಇತ್ತು. ಯಾರಾದರೂ ಬಡಪಾಯಿ ಕೌಂಟರಿಗೆ ಬಂದು, "ಸಾರ್, ಅರ್ಜೀಲಿ ಒಂದು ತಪ್ಪಾಗಿದೆ, ವಾಪಸ್ ಕೊಡಿ ಸಾರ್" ಎಂದು ಅಂಗಲಾಚಿದರೆ, ಹೆಡ್ ಕ್ಲರ್ಕರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಮೊಹರು ಬಿದ್ದ ಮೇಲೆ ಮುಗೀತು ಸ್ವಾಮಿ. ಇನ್ನು ನಾನೇ ಬಂದು ನನ್ನ ಕಾಲು ಹಿಡಿದ್ರೂ ವಾಪಸಿಲ್ಲ" ಎನ್ನುತ್ತಿದ್ದರು. ಈ ಮಾತನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿ ಹೇಳಿ, ಹೆಂಡತಿಗೂ ಮಗಳಿಗೂ ಅದು ಬಾಯಿಪಾಠವಾಗಿ ಹೋಗಿತ್ತು.

ಬ್ಲಾಗು ಶುರುವಾದದ್ದೂ ಆ ಊಟದ ಮೇಜಿನಿಂದಲೇ. ಸಮಯಪಾಲನೆ, ಶಿಸ್ತು, ಚಪ್ಪಲಿಯನ್ನು ಜೋಡಿಯಾಗಿ ಬಿಡುವುದರ ಮಹತ್ವ, ಹೀಗೆ ದಿನಕ್ಕೊಂದು ಉಪನ್ಯಾಸ ಕೇಳಿ ಕೇಳಿ ಹೈಸ್ಕೂಲಿನ ಮಗಳು ಒಂದು ದಿನ, "ಅಪ್ಪಾ, ಇಷ್ಟೊಂದು ವಿಚಾರ ನಮ್ಮಿಬ್ಬರಿಗೇ ಹೇಳಿ ಯಾಕೆ ದಂಡ ಮಾಡ್ತೀಯ? ಒಂದು ಬ್ಲಾಗ್ ಮಾಡ್ಕೊಡ್ತೀನಿ, ಅದ್ರಲ್ಲಿ ಬರಿ. ಲೋಕಕ್ಕೆಲ್ಲ ಉಪಯೋಗ ಆಗುತ್ತೆ" ಎಂದಳು. ಮನೆಗೆ ನೆಮ್ಮದಿಯೂ ಆಗುತ್ತೆ ಎನ್ನುವುದನ್ನು ತುತ್ತಿನ ಜೊತೆ ನುಂಗಿಕೊಂಡಳು. ಹೆಡ್ ಕ್ಲರ್ಕರಿಗೆ ಲೋಕ ಎಂಬ ಪದ ಹಿಡಿಸಿತು. ಅಂದೇ ಸಂಜೆ 'ವಿಚಾರ ವಿಹಾರ' ಎಂಬ ಬ್ಲಾಗು ಅವತರಿಸಿತು. ಟೈ ಕಟ್ಟಿ ತೆಗೆಸಿದ ಫೋಟೋ, ಅದರ ಕೆಳಗೆ 'ಚಿಂತಕ, ಬರಹಗಾರ, ಹೆಡ್ ಕ್ಲರ್ಕ್' ಎಂಬ ಬಿರುದಾವಳಿ. ಮೊದಲ ಬರಹ 'ಸಮಯಪಾಲನೆ'. ಎರಡನೆಯದು 'ಸಮಯಪಾಲನೆ: ಇನ್ನಷ್ಟು ವಿಚಾರಗಳು'. ಮೂರನೆಯದು ಬರಲು ಒಂದು ತಿಂಗಳು ತಡವಾಯಿತು.

ಚಿಂತಕರೆಂದ ಮೇಲೆ ಚಿಂತಿಸಲು ಒಂದು ಜಾಗ ಬೇಡವೇ? ಆ ಮನೆಯಲ್ಲಿ ಬೀದಿಗೆ ಮುಖ ಮಾಡಿದ ಒಂದು ಚಿಕ್ಕ ಕೋಣೆ ಇತ್ತು. ದೊಡ್ಡ ಕಿಟಕಿ. ಬೆಳಗ್ಗೆಯಿಂದ ಸಂಜೆಯವರೆಗೂ ಒಳ್ಳೆ ಬೆಳಕು. ಹನ್ನೊಂದು ವರ್ಷದಿಂದ ಅಲ್ಲಿ ಅವರ ಹೆಂಡತಿಯ ಹೊಲಿಗೆ ಮೆಷಿನ್ನು ಇತ್ತು. ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಸುತ್ತಮುತ್ತಲಿನ ಶಾಲೆ ಮಕ್ಕಳ ಯೂನಿಫಾರ್ಮೆಲ್ಲ ಆ ಕಿಟಕಿಯ ಬೆಳಕಿನಲ್ಲೇ ಹೊಲಿದದ್ದು. ಹೆಡ್ ಕ್ಲರ್ಕರು ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನಿಂತು, "ಚಿಂತನೆಗೆ ಬೆಳಕು ಬೇಕು ಕಣೇ. ಮೆಷಿನ್ನಿಗೇನು, ಎಲ್ಲಿಟ್ಟರೂ ಓಡುತ್ತೆ" ಎಂದು ತೀರ್ಪು ಕೊಟ್ಟರು. ಮೆಷಿನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಹೋಯಿತು. ಕಿಟಕಿಯಿಲ್ಲದ ಓಣಿ. ತಲೆಯ ಮೇಲೊಂದು ಮಂಕು ಬಲ್ಬು, ಕಾಲಬಳಿ ಬಕೆಟ್ಟು. ಕೋಣೆಗೆ ಹೆಡ್ ಕ್ಲರ್ಕರ ಮೇಜು ಬಂತು, ಕುರ್ಚಿ ಬಂತು. ಆ ಕೋಣೆಯ ಬಗ್ಗೆಯೇ 'ಬೆಳಕು ಮತ್ತು ಚಿಂತನೆ' ಎಂದು ಮೂರು ಕಂತಿನ ಲೇಖನಮಾಲೆಯೂ ಬಂತು.

ಇಷ್ಟಾದರೂ ಕಮೆಂಟು ಮಾತ್ರ ಒಂದೂ ಬರಲಿಲ್ಲ. ಬರಹದ ಕೆಳಗೆ ಸೊನ್ನೆ ಗುಂಡಗೆ ಕೂತು ಅವರನ್ನೇ ನೋಡುತ್ತಿತ್ತು. ಹೆಡ್ ಕ್ಲರ್ಕರು ಬೇರೆಯವರ ಬ್ಲಾಗುಗಳನ್ನು ಜಾಲಾಡಿದರು. ಅಲ್ಲೊಬ್ಬ ನಿವೃತ್ತ ಕಂಪೌಂಡರ್ ತಮ್ಮ ಕಾಯಿಲೆಗಳ ಬಗ್ಗೆ ಕವಿತೆ ಬರೆಯುತ್ತಿದ್ದರು, ಮೂವತ್ತು ಕಮೆಂಟು. ಕನ್ನಡಕದ ಅಂಗಡಿಯವರು ಹಕ್ಕಿಗಳ ಫೋಟೋ ಹಾಕುತ್ತಿದ್ದರು (ಹಕ್ಕಿ ಹಾರಿಹೋದ ಮೇಲಿನ ಕೊಂಬೆಯ ಫೋಟೋಗಳೇ ಹೆಚ್ಚು), ಇಪ್ಪತ್ತೈದು ಕಮೆಂಟು. ಡ್ರೈವಿಂಗ್ ಸ್ಕೂಲ್ ಮೇಡಂ ತಮ್ಮ ಶಿಷ್ಯರು ಗುದ್ದಿದ ಗೋಡೆಗಳ ಚರಿತ್ರೆ ಬರೆಯುತ್ತಿದ್ದರು, ಐವತ್ತು! ನೋಡುತ್ತ ನೋಡುತ್ತ ಹೆಡ್ ಕ್ಲರ್ಕರಿಗೆ ಗುಟ್ಟು ಗೊತ್ತಾಯಿತು. ಇವರ ಮನೆಗೆ ಅವರು, ಅವರ ಮನೆಗೆ ಇವರು. ಹೋಗಿ ಬಂದರೆ ತಾನೇ ಬಳಗ?

ಅಂದೇ ಅವರ ಆಫೀಸಿನ ಬುದ್ಧಿ ಕೆಲಸ ಮಾಡಿತು. ಒಂದು ಹಳೇ ಡೈರಿ ತೆಗೆದು ವಾರಕ್ಕೆ ಏಳು ಕಮೆಂಟು ಬರೆದಿಟ್ಟುಕೊಂಡರು. ಸೋಮವಾರ: 'ಮನ ಮುಟ್ಟಿತು, ಹೀಗೇ ಬರೆಯುತ್ತಿರಿ.' ಮಂಗಳವಾರ: 'ಎಂಥಾ ಸೂಕ್ಷ್ಮ ಒಳನೋಟ!' ಬುಧವಾರ: 'ನಮ್ಮ ಮನೆಯ ಕಥೆಯೇ ಬರೆದಂತಿದೆ.' ಗುರುವಾರ: 'ಎಲ್ಲರೂ ಪಾಲಿಸಬೇಕಾದ ಮಾತು.' ಶುಕ್ರವಾರ: 'ನಿಮ್ಮ ನಿಲುವಿಗೆ ನನ್ನ ಸಂಪೂರ್ಣ ಸಹಮತವಿದೆ. ತಡಮಾಡದೆ ಕಾರ್ಯರೂಪಕ್ಕೆ ತನ್ನಿ.' ಶನಿವಾರ: 'ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.' ಭಾನುವಾರ: 'ಕಣ್ಣು ತೇವವಾಯಿತು.' ಬೆಳಗ್ಗೆ ಎದ್ದು, ಹಲ್ಲುಜ್ಜುತ್ತ, ಎಡಗೈ ಹೆಬ್ಬೆರಳಿನಿಂದ ಪರದೆಯನ್ನು ಒಂದೇ ಏಟಿಗೆ ಕೆಳಗಿನವರೆಗೂ ತಳ್ಳುವುದು, ಆ ದಿನದ ಕಮೆಂಟು ಒತ್ತುವುದು, ಮುಂದಿನ ಬ್ಲಾಗಿಗೆ ಹೋಗುವುದು. ಬಾಯಿ ಮುಕ್ಕಳಿಸುವ ಹೊತ್ತಿಗೆ ಹದಿನೆಂಟು ಮನೆ ಸುತ್ತಿ ಬಂದಿರುತ್ತಿದ್ದರು.

ಎಡವಟ್ಟಾಗಲಿಲ್ಲವೇ ಅಂದರೆ, ಆಯಿತು. ಕಂಪೌಂಡರ್ ತಮ್ಮ ಹರ್ನಿಯಾ ಆಪರೇಷನ್ ಬಗ್ಗೆ ಹನ್ನೆರಡು ಪದ್ಯ ಬರೆದು ಹಾಕಿದ್ದು ಶನಿವಾರ. ಉಳಿದವರೆಲ್ಲ ಬೇಗ ಗುಣವಾಗಲಿ ಎಂದು ಹಾರೈಸುತ್ತಿದ್ದರೆ ನಡುವೆ ಹೆಡ್ ಕ್ಲರ್ಕರ 'ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು' ಮೆರೆಯುತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಅವರ ಕಥೆ ಮುಗಿಯುತ್ತಿತ್ತು. ಆದರೆ ಅದೃಷ್ಟ ಎಂದರೆ ಅದೃಷ್ಟ! ಕಂಪೌಂಡರ್ ಉತ್ತರ ಬರೆದರು: 'ಎಲ್ಲರೂ ಇದನ್ನು ಗೋಳು ಎಂದುಕೊಂಡರು. ನನ್ನ ಹಾಸ್ಯವನ್ನು ಹಿಡಿದವರು ತಾವೊಬ್ಬರೇ. ತಮ್ಮಂಥ ಓದುಗರು ಸಿಗುವುದು ಪುಣ್ಯ.' ಅದನ್ನು ನೋಡಿದ ಮೇಲೆ ಹೆಡ್ ಕ್ಲರ್ಕರ ಆತ್ಮವಿಶ್ವಾಸ ಆಕಾಶಕ್ಕೆ ಏಣಿ ಹಾಕಿತು. ಓದಿ ಕಮೆಂಟು ಮಾಡುವವರ ಬಗ್ಗೆ ಅವರಿಗೆ ಒಂದು ಬಗೆಯ ಕನಿಕರವೇ ಹುಟ್ಟಿತು.

ಕ್ರಮೇಣ ಈ ರೂಢಿ ಫೋನಿನಿಂದ ಇಳಿದು ಮನೆಯೊಳಗೂ ಓಡಾಡತೊಡಗಿತು. ಟೈಲರಮ್ಮ ಒಂದು ಸೋಮವಾರ, "ರೀ, ಆ ಓಣಿ ಬೆಳಕಲ್ಲಿ ಸೂಜಿಗೆ ದಾರ ಪೋಣಿಸೋಕೇ ಆಗಲ್ಲ. ಮೆಷಿನ್ನು ಕೋಣೆಗೆ ತರ್ಲಾ?" ಎಂದರೆ, ಹೆಡ್ ಕ್ಲರ್ಕರು ಫೋನಿನಿಂದ ತಲೆಯೆತ್ತದೆ, "ಮನ ಮುಟ್ಟಿತು" ಎಂದರು.

ಮಂಗಳವಾರ ಆಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು, "ಇವತ್ತು ಸೂಜಿ ಉಗುರಲ್ಲೇ ಹೋಯ್ತು ನೋಡಿ" ಎಂದರೆ, "ಸೂಕ್ಷ್ಮ ಒಳನೋಟ" ಎಂದರು.

ಬುಧವಾರ, "ಹನ್ನೊಂದು ವರ್ಷದಲ್ಲಿ ಮೊದಲ ಸಲ ಎಡಗೈ ತೋಳನ್ನ ಬಲಗಡೆಗೆ ಹೊಲಿದೆ ರೀ. ಆ ಮಗು ತಾಯಿ ನನ್ನ ಮುಖ ನೋಡಿದ ರೀತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸ್ತು" ಎಂದರೆ, ಹೆಡ್ ಕ್ಲರ್ಕರು ಗಂಭೀರವಾಗಿ, "ನಮ್ಮ ಮನೆಯ ಕಥೆಯೇ ಬರೆದಂತಿದೆ" ಎಂದುಬಿಟ್ಟರು.

"ನಮ್ಮ ಮನೆಯದೇ ರೀ ಕಥೆ!" ಎಂದು ಟೈಲರಮ್ಮ ಹಣೆ ಚಚ್ಚಿಕೊಂಡರು. ಅಷ್ಟು ಹೊತ್ತಿಗೆ ಹೆಡ್ ಕ್ಲರ್ಕರು ಮುಂದಿನ ಬ್ಲಾಗಿಗೆ ಹೋಗಿದ್ದರು.

ಕೋಣೆ ಕೈತಪ್ಪಿದ್ದಕ್ಕಿಂತ, ಹೇಳಿದ್ದು ಕಿವಿಗೇ ಬೀಳುತ್ತಿಲ್ಲವಲ್ಲ ಎಂಬುದೇ ಆಕೆಗೆ ಹೆಚ್ಚು ನೋವಾಗಿದ್ದು. ಗೋಡೆಗೆ ಹೇಳಿದ್ದರೂ ಒಂದು ಸುಣ್ಣದ ಹಕ್ಕಳೆ ಉದುರುತ್ತಿತ್ತು. ಆದರೆ ಟೈಲರಮ್ಮ ಅಷ್ಟಕ್ಕೆ ಕೈಚೆಲ್ಲಿ ಕೂರುವ ಪೈಕಿಯಲ್ಲ. ಬಟ್ಟೆ ಸಾಲದಿದ್ದರೆ ಬೇರೆ ಕಡೆಯಿಂದ ಕತ್ತರಿಸಿ ಜೋಡಿಸುವುದು ಆಕೆಯ ಕಸುಬು. ಯೋಚನೆ ಮಾಡಿದರು: ನಮ್ಮ ಯಜಮಾನರು ನನ್ನ ಮಾತು ಕೇಳದಿದ್ದರೇನಂತೆ, ಬ್ಲಾಗು ಎಂದರೆ ಪ್ರಾಣ. ಬೆಳಗಾದರೆ ಹದಿನೆಂಟು ಜನರ ಬರಹ ಓದಿ, ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾರೆ. ಹಾಗಿದ್ದ ಮೇಲೆ ಹತ್ತೊಂಬತ್ತನೆಯವಳು ನಾನೇ ಯಾಕಾಗಬಾರದು? ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಬ್ಲಾಗು ತೆರೆದರು. 'ಹೊಲಿಗೆ ಬಿಚ್ಚಿದಾಗ' ಎಂದು ಹೆಸರಿಟ್ಟರು.

ಇದರಲ್ಲಿ ಗುಟ್ಟೇನೂ ಇರಲಿಲ್ಲ, ಗಮನಿಸಿ. ಶುರುವಾದ ದಿನವೇ ತಿಂಡಿ ಬಡಿಸುತ್ತ, "ರೀ, ನಾನೂ ಒಂದು ಬ್ಲಾಗ್ ಶುರು ಮಾಡಿದೀನಿ" ಎಂದರು. ಗುರುವಾರ. "ಎಲ್ಲರೂ ಪಾಲಿಸಬೇಕಾದ ಮಾತು" ಎಂದರು ಹೆಡ್ ಕ್ಲರ್ಕರು. ಬ್ಲಾಗಿನ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹೆಡ್ ಕ್ಲರ್ಕರು ದಿನಕ್ಕೆ ನಾಲ್ಕು ಸಲ ಆ ಬಾಗಿಲು ತೆರೆದು ಮುಚ್ಚಿದರು. ಕೊನೆಗೆ ಮಗಳೇ ಅಪ್ಪನ ಫೋನು ತೆಗೆದುಕೊಂಡು ಪಟ್ಟಿಗೆ ಸೇರಿಸಿದಳು. "ಅಪ್ಪಾ, ಇದು ಹೊಸದು, ತಪ್ಪದೆ ಓದು" ಎಂದಳು. ಅವರು ಹೆಸರು ನೋಡಿ, ಯಾರೋ ಆಸ್ಪತ್ರೆಯಿಂದ ಬಂದವರಿರಬೇಕು, ಕಂಪೌಂಡರ ಕಡೆಯವರು ಎಂದುಕೊಂಡು ಮೊಹರು ಒತ್ತಲು ಆರಂಭಿಸಿದರು.

ಟೈಲರಮ್ಮ ಬರೆದದ್ದು ಸುಮ್ಮನೆ ಮನೆಯ ಮಾತು. ಗಂಡನ ಅಂಗಿಗಳಲ್ಲಿ ಮೂರನೇ ಗುಂಡಿಯೇ ಯಾಕೆ ಬೀಳುತ್ತದೆ (ಆಫೀಸಿನ ಮೇಜಿಗೂ ಹೊಟ್ಟೆಗೂ ನಡೆಯುವ ಗಡಿ ತಕರಾರು) ಎಂಬುದರ ಬಗ್ಗೆ ಒಂದು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರ ಬಗ್ಗೆ ಒಂದು. ಅದು ಬಂದದ್ದು ಬುಧವಾರ. ಕೆಳಗೆ ಟೈ ಕಟ್ಟಿದ ಫೋಟೋ, 'ನಮ್ಮ ಮನೆಯ ಕಥೆಯೇ ಬರೆದಂತಿದೆ.' ಟೈಲರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಮನುಷ್ಯ ಇಷ್ಟು ರಸಿಕ ಎಂದು ಗೊತ್ತೇ ಇರಲಿಲ್ಲವಲ್ಲ! ಅಂದಿನಿಂದ ಹೆಡ್ ಕ್ಲರ್ಕರಿಗೆ ಬೆಳಗ್ಗೆ ಎರಡನೇ ಲೋಟ ಕಾಫಿ ಕೇಳದೆಯೇ ಬರತೊಡಗಿತು. ಅಂಗಿಗೆ ಇಸ್ತ್ರಿ ಬಿತ್ತು. ಮೂರನೇ ಗುಂಡಿಗೆ ಜೋಡಿ ದಾರ ಬಿತ್ತು. ಹೆಡ್ ಕ್ಲರ್ಕರು ಇದನ್ನೆಲ್ಲ ತಮ್ಮ ಕೀರ್ತಿ ಮನೆಯ ಒಳಗೂ ಹಬ್ಬಿದ್ದರ ಲಕ್ಷಣ ಎಂದು ತಿಳಿದು, 'ಚಿಂತಕನ ಗೃಹಜೀವನ' ಎಂಬ ಬರಹ ಬರೆದರು.

ಅಷ್ಟರಲ್ಲಿ ಬಳಗದವರು ಒಂದು ಭಾನುವಾರ ಎಲ್ಲಾದರೂ ಕೂಡಬೇಕು ಎಂಬ ಮಾತು ಬಂತು. ಹೆಡ್ ಕ್ಲರ್ಕರು ತಕ್ಷಣ ತಮ್ಮ ಮನೆಗೇ ಆಹ್ವಾನ ಕೊಟ್ಟರು. ಕೋಣೆ ತೋರಿಸಬೇಕಲ್ಲ! ಮೂರು ಕಂತಿನ ಕೋಣೆ! ಆ ಕುರ್ಚಿಯಲ್ಲಿ ಕೂತು, ಆ ಕಿಟಕಿಗೆ ಬೆನ್ನು ಮಾಡಿ, ಬಳಗದವರೊಡನೆ ಒಂದು ಫೋಟೋ. ಹೆಡ್ ಕ್ಲರ್ಕರು ನಾಲ್ಕು ದಿನ ಅದೇ ಫೋಟೋ ಕನಸಿನಲ್ಲಿ ಕಂಡರು. ಡ್ರೈವಿಂಗ್ ಸ್ಕೂಲ್ ಮೇಡಂ ಫೋನು ಮಾಡಿ, "ಸಾರ್, 'ಹೊಲಿಗೆ ಬಿಚ್ಚಿದಾಗ'ದವರೂ ಇರ್ತಾರಲ್ವಾ? ನಮಗೆಲ್ಲ ಅವರನ್ನ ನೋಡ್ಬೇಕು" ಎಂದರು.

"ಇರದೆ ಏನು ಮೇಡಂ! ಕರೆಸಿದರಾಯ್ತು. ಅವರ ಬರಹ ನಾನು ಒಂದಕ್ಷರ ಬಿಡದೆ ಓದ್ತೀನಿ."

"ಅದೇ ಸಾರ್ ನಾವೂ ಮಾತಾಡ್ಕೊಳ್ಳೋದು. ನಿಮ್ಮ ದೊಡ್ಡ ಮನಸ್ಸು ಯಾವ ಗಂಡಸಿಗೂ ಬರಲ್ಲ ಬಿಡಿ."

ದೊಡ್ಡ ಮನಸ್ಸು ಯಾವುದಕ್ಕೆ ಎಂದು ಹೆಡ್ ಕ್ಲರ್ಕರು ಕೇಳಲಿಲ್ಲ. ಹೊಗಳಿಕೆಗೆ ಕಾರಣ ಕೇಳುವ ಕೆಟ್ಟ ಅಭ್ಯಾಸ ಅವರಿಗಿರಲಿಲ್ಲ.

ಈ ಫೋನಿನ ಮಾತು ನಡೆದದ್ದು ಶುಕ್ರವಾರ ಸಂಜೆ. ಆ ದಿನ ಬೆಳಗ್ಗೆ ಟೈಲರಮ್ಮ ಒಂದು ಬರಹ ಹಾಕಿದ್ದರು. 'ಬೆಳಕು ಯಾರಿಗೆ?' ಎಂದು ಹೆಸರು. ಕೊನೆಯಲ್ಲಿ ಹೀಗಿತ್ತು: 'ಇನ್ನು ಬಾಯಲ್ಲಿ ಹೇಳಲು ನನ್ನಿಂದ ಆಗದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. "ವಿಚಾರ ವಿಹಾರ"ದ ನಮ್ಮ ಯಜಮಾನರೇ, ನೀವು ದಿನಾ ನನ್ನ ಬ್ಲಾಗು ಓದುತ್ತೀರಿ, ಅದೇ ನನಗೆ ಧೈರ್ಯ. ಯೂನಿಫಾರ್ಮಿನ ಕಾಲ ಬಂತು. ಈ ಭಾನುವಾರ ಮೆಷಿನ್ನನ್ನು ಕಿಟಕಿ ಕೋಣೆಗೆ ತಂದು, ನಿಮ್ಮ ಮೇಜನ್ನು ಓಣಿಗೆ ಸಾಗಿಸಬೇಕೆಂದಿದ್ದೇನೆ. ಬೇಡವೆಂದರೆ ಕೆಳಗೆ ಒಂದು ಮಾತು ಬರೆಯಿರಿ, ಇನ್ನು ಯಾವತ್ತೂ ಕೇಳುವುದಿಲ್ಲ.'

ಕೆಳಗೆ ಹತ್ತೇ ನಿಮಿಷಕ್ಕೆ ಟೈ ಕಟ್ಟಿದ ಫೋಟೋ ಬಂತು. 'ನಿಮ್ಮ ನಿಲುವಿಗೆ ನನ್ನ ಸಂಪೂರ್ಣ ಸಹಮತವಿದೆ. ತಡಮಾಡದೆ ಕಾರ್ಯರೂಪಕ್ಕೆ ತನ್ನಿ.'

ಟೈಲರಮ್ಮ ಅದನ್ನು ಮೂರು ಸಲ ಓದಿದರು. ಓಣಿಯಲ್ಲಿ ಬಕೆಟ್ಟಿನ ಪಕ್ಕ ಕೂತು ಕಣ್ಣೊರೆಸಿಕೊಂಡರು. ಬಚ್ಚಲಿನಿಂದ ಗಂಡ ಬಾಯಿ ಮುಕ್ಕಳಿಸುವ ಸದ್ದು ಆಕೆಗೆ ಆ ದಿನ ಎಷ್ಟು ಇಂಪಾಗಿ ಕೇಳಿಸಿತೆಂದರೆ, ಹೇಳಿದರೆ ನೀವು ನಂಬುವುದಿಲ್ಲ. ಹೊರಗೆ ಬಂದವರ ಕೈಗೆ ಟವೆಲು ಕೊಟ್ಟು, "ತುಂಬಾ ಒಳ್ಳೆಯವ್ರು ರೀ ನೀವು" ಎಂದರು.

"ಅದು ಗೊತ್ತಿರೋ ವಿಷಯಾನೇ ಅಲ್ವೇನೇ" ಎಂದರು ಹೆಡ್ ಕ್ಲರ್ಕರು, ಮುಖ ಒರೆಸಿಕೊಳ್ಳುತ್ತ.

ಭಾನುವಾರ ಹನ್ನೊಂದು ಗಂಟೆಗೆ ಅತಿಥಿಗಳು ಬರಬೇಕು. ಸಮಯಪಾಲನೆಯ ಬಗ್ಗೆ ಎರಡು ಲೇಖನ ಬರೆದವರಾದ್ದರಿಂದ ಹೆಡ್ ಕ್ಲರ್ಕರು ಒಂಬತ್ತಕ್ಕೇ ಬಸ್ ಸ್ಟಾಪಿನಲ್ಲಿ ಹಾಜರು. ಹೊರಡುವಾಗ, "ಕೋಣೆ ಸ್ವಲ್ಪ ನೀಟ್ ಮಾಡಿಡೇ" ಎಂದಿದ್ದರು. "ಅದೇ ಕೆಲಸ ರೀ ಈಗ" ಎಂದು ಹೆಂಡತಿ ನಗುನಗುತ್ತ ಬೀಳ್ಕೊಟ್ಟಿದ್ದರು. ಬಸ್ಸು ಬಂದದ್ದು ಹನ್ನೊಂದೂಕಾಲಿಗೆ. ಕಂಪೌಂಡರ್ ಒಂದು ಕೈಲಿ ಸೊಂಟ, ಒಂದು ಕೈಲಿ ಕವಿತೆಗಳ ಕಡತ ಹಿಡಿದು ಇಳಿದರು. ಕನ್ನಡಕದ ಅಂಗಡಿಯವರು ಕ್ಯಾಮೆರಾ ಸಮೇತ ಇಳಿದರು. ಡ್ರೈವಿಂಗ್ ಸ್ಕೂಲ್ ಮೇಡಂ ಇಳಿಯುವ ಮುಂಚೆ ಬಸ್ಸಿನ ಡ್ರೈವರಿಗೆ ಎರಡು ಬುದ್ಧಿಮಾತು ಹೇಳಿ ಇಳಿದರು.

ದಾರಿಯುದ್ದಕ್ಕೂ ಹೆಡ್ ಕ್ಲರ್ಕರದೇ ಮಾತು. ಮನೆಗೆ ಬಂದವರೇ ಸೀದಾ ಕೋಣೆಯ ಬಾಗಿಲಿಗೆ ಹೋದರು. ಬಾಗಿಲು ನೂಕಿ, ಅತಿಥಿಗಳ ಕಡೆ ಮುಖ ಮಾಡಿ, ಕೋಣೆಗೆ ಬೆನ್ನು ಕೊಟ್ಟು ನಿಂತು ನಾಟಕದ ಸೂತ್ರಧಾರನ ಹಾಗೆ ಕೈ ಚಾಚಿದರು.

"ಇದೇ ನೋಡಿ ಆ ಕೋಣೆ! ಇಗೋ, ಇಲ್ಲಿ ನನ್ನ ಮೇಜು. 'ವಿಚಾರ ವಿಹಾರ'ದ ಪ್ರತಿಯೊಂದು ಅಕ್ಷರವೂ ಹುಟ್ಟಿದ್ದು ಇಲ್ಲೇ" ಎನ್ನುತ್ತ ಹಿಂದಕ್ಕೆ ಕೈಯಾಡಿಸಿದರೆ, ಕೈಗೆ ಸಿಕ್ಕಿದ್ದು ಮೆಷಿನ್ನಿನ ಚಕ್ರ. ಅದು ಗರ್ರನೆ ಒಂದು ಸುತ್ತು ತಿರುಗಿತು. "ಇಗೋ, ಇದು ನನ್ನ ಕುರ್ಚಿ" ಎಂದು ಕೂರಲು ಹೋದರೆ ಅಲ್ಲಿದ್ದದ್ದು ಮೊಳಕಾಲೆತ್ತರದ ಸ್ಟೂಲು, ಅದರ ಮೇಲೊಂದು ಪಿನ್ನಿನ ಮೆತ್ತೆ. ಅವರು ಎಷ್ಟು ವೇಗವಾಗಿ ಎದ್ದರೆಂದರೆ ಡ್ರೈವಿಂಗ್ ಸ್ಕೂಲ್ ಮೇಡಂ, "ಬ್ರೇಕ್, ಬ್ರೇಕ್!" ಎಂದು ಕೂಗಿದರು.

ಹೆಡ್ ಕ್ಲರ್ಕರು ತಿರುಗಿ ನೋಡಿದರು. ಕಿಟಕಿಯ ತುಂಬ ಬಿಸಿಲು. ಬಿಸಿಲಿನಲ್ಲಿ ಮೆಷಿನ್ನು. ಗೋಡೆಯುದ್ದಕ್ಕೂ ತೂಗುಹಾಕಿದ ನೀಲಿ ಯೂನಿಫಾರ್ಮುಗಳು. ನಡುವೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಹೆಂಡತಿ.

"ಏನಿದು? ನನ್ನ ಮೇಜೆಲ್ಲಿ? ಯಾರನ್ನ ಕೇಳಿ..."

"ಓಣೀಲಿದೆ. ನೀವೇ ಒಪ್ಪಿದ್ರಲ್ಲ ರೀ" ಎಂದರು ಟೈಲರಮ್ಮ. ಬೆಳಗಿನ ನಗು ಈಗ ಆಕೆಯ ಮುಖದಲ್ಲಿ ಇರಲಿಲ್ಲ.

"ನಾನಾ? ಯಾವಾಗ?"

ಹಿಂದಿನಿಂದ ಮೂವರೂ ಚಪ್ಪಾಳೆ ತಟ್ಟಿದರು. "ಎಂಥಾ ವಿನಯ ನೋಡಿ! ಮಾಡಿದ್ದನ್ನ ಹೇಳ್ಕೊಳ್ಳೋದೂ ಇಲ್ಲ" ಎಂದರು ಕಂಪೌಂಡರ್. "'ಸಂಪೂರ್ಣ ಸಹಮತವಿದೆ, ತಡಮಾಡದೆ ಕಾರ್ಯರೂಪಕ್ಕೆ ತನ್ನಿ.' ನನ್ನ ಹೆಂಡತಿಗೆ ಓದಿ ಹೇಳ್ದೆ ಸಾರ್. ಅವತ್ತಿಂದ ನನಗೆ ಮನೇಲಿ ಒಂದೇ ಬೈಗುಳ: ಆ ಹೆಡ್ ಕ್ಲರ್ಕನ್ನ ನೋಡಿ ಕಲೀರಿ ಅಂತ."

"ಮೇಡಂ, 'ಹೊಲಿಗೆ ಬಿಚ್ಚಿದಾಗ' ನೀವೇ ಅಲ್ವಾ? ಆ ಮೂರನೇ ಗುಂಡಿ ಓದಿ ನನ್ನ ಶಿಷ್ಯನ ಬದಲು ನಾನೇ ಗೋಡೆಗೆ ಗುದ್ದೋದ್ರಲ್ಲಿದ್ದೆ!" ಎಂದು ಡ್ರೈವಿಂಗ್ ಸ್ಕೂಲ್ ಮೇಡಂ ಟೈಲರಮ್ಮನ ಕೈ ಹಿಡಿದುಕೊಂಡರು.

ಹೆಡ್ ಕ್ಲರ್ಕರ ತಲೆಯಲ್ಲಿ ಒಂದೊಂದೇ ಅರ್ಜಿ ಬಿಚ್ಚಿಕೊಳ್ಳತೊಡಗಿತು. ಹೊಲಿಗೆ. ಫ್ರಿಜ್ಜು. ಎರಡನೇ ಲೋಟ ಕಾಫಿ. ಶುಕ್ರವಾರ. ಅಯ್ಯೋ ಶುಕ್ರವಾರ! ನಾನು ಓದೇ ಇಲ್ಲ, ಅದು ವಾರದ ಕಮೆಂಟು, ಮೇಜು ವಾಪಸ್ ತನ್ನಿ ಎಂದು ಕೂಗಿಬಿಡಲೇ ಎಂದು ಬಾಯಿ ತೆರೆದರು. ಕೂಗಿದರೆ ಕೋಣೆ ಉಳಿಯುತ್ತದೆ, ಮಾನ ಹೋಗುತ್ತದೆ. ಹರ್ನಿಯಾದ ನಗುವೂ ಬಯಲಾಗುತ್ತದೆ.

ಅಷ್ಟರಲ್ಲಿ ಹೆಂಡತಿ ಹತ್ತಿರ ಬಂದು ಅವರ ಕೈಯಲ್ಲಿ ಒಂದು ಹಳೇ ಡೈರಿ ಇಟ್ಟರು. "ಮೇಜು ಸಾಗಿಸುವಾಗ ಡ್ರಾಯರಲ್ಲಿ ಸಿಕ್ತು. ಜೋಪಾನ" ಎಂದರು. ಡೈರಿಯ ನಡುವೆ ಗುರುತಿಗೆ ಒಂದು ಸೂಜಿ ಚುಚ್ಚಿಟ್ಟಿತ್ತು. ಯಾವ ವಾರದ ಮೇಲೆ ಎಂದು ತೆರೆದು ನೋಡುವ ಅಗತ್ಯ ಹೆಡ್ ಕ್ಲರ್ಕರಿಗೆ ಕಾಣಲಿಲ್ಲ.

"ಅದು... ಕೇಳಿಲ್ಲಿ... ಈ ಒಪ್ಪಿಗೇನ ಒಂಚೂರು ವಾಪಸ್..." ಎಂದು ಪಿಸುಗುಟ್ಟಿದರು.

ಟೈಲರಮ್ಮನೂ ಅಷ್ಟೇ ಮೆಲ್ಲಗೆ, ಕೊರಳಿನ ಟೇಪು ಸರಿಮಾಡಿಕೊಳ್ಳುತ್ತ, "ಮೊಹರು ಬಿದ್ದ ಮೇಲೆ ಮುಗೀತು ಸ್ವಾಮಿ. ಇನ್ನು ನೀವೇ ಬಂದು ನಿಮ್ಮ ಕಾಲು ಹಿಡಿದ್ರೂ ವಾಪಸಿಲ್ಲ" ಎಂದರು.

ಆದರೆ ಹೆಡ್ ಕ್ಲರ್ಕರ ದೊಡ್ಡಸ್ತಿಕೆ ನೋಡಿ, ಎರಡೇ ನಿಮಿಷದಲ್ಲಿ ಸುಧಾರಿಸಿಕೊಂಡು ಎದೆ ಸೆಟೆಸಿ ನಿಂತರು. "ಹೌದು. ನಾನೇ ಒಪ್ಪಿದ್ದು. ಬೆಳಕು ದುಡಿಯುವ ಕೈಗೆ ಸೇರಬೇಕು ಅನ್ನೋದು ನನ್ನ ಬಹಳ ಹಿಂದಿನ ನಿಲುವು" ಎಂದು ತ್ಯಾಗದ ಬಗ್ಗೆ ಕಾಲು ಗಂಟೆ ಮಾತಾಡಿದರು. ಮಗಳು ಬಿಸ್ಕೆಟ್ಟಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ತುಟಿ ಕಚ್ಚಿಕೊಂಡಿದ್ದಳು. ಫೋಟೋ ತೆಗೆದರು. ಕಿಟಕಿಗೆ ಬೆನ್ನು ಮಾಡಿ ನಡುವೆ ಕೂತವರು ಟೈಲರಮ್ಮ. ಹೆಡ್ ಕ್ಲರ್ಕರು ಒಂದು ಕೊನೆಯಲ್ಲಿ, ಅರ್ಧ ಮುಖ ಯೂನಿಫಾರ್ಮಿನ ಹಿಂದೆ. (ಕನ್ನಡಕದ ಅಂಗಡಿಯವರಿಗೆ ಹಾರಿಹೋದ ಹಕ್ಕಿಯ ಅಭ್ಯಾಸ.)

ಕೋಣೆ ಹೋದರೂ ಕೀರ್ತಿಯಾದರೂ ಉಳಿಯಲಿ ಎಂದು ಹೆಡ್ ಕ್ಲರ್ಕರು ಮಾತನ್ನು ತಮ್ಮ ಕಡೆ ತಿರುಗಿಸಿದರು. "ಅಂದ ಹಾಗೆ, ನನ್ನ 'ಬೆಳಕು ಮತ್ತು ಚಿಂತನೆ', ಅದರ ಮೂರನೇ ಕಂತು ನಿಮಗೆಲ್ಲ ಹೇಗನ್ನಿಸ್ತು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮನ ಮುಟ್ಟಿತು" ಎಂದರು ಕಂಪೌಂಡರ್.

"ಒಳ್ಳೆ ಒಳನೋಟ" ಎಂದರು ಕನ್ನಡಕದ ಅಂಗಡಿಯವರು, ಕನ್ನಡಕ ತೆಗೆದು ಒರೆಸುತ್ತ.

ಡ್ರೈವಿಂಗ್ ಸ್ಕೂಲ್ ಮೇಡಂ ಮಾತ್ರ ಸುಳ್ಳು ಹೇಳುವ ಜಾಯಮಾನದವರಲ್ಲ. "ಬೇಜಾರ್ ಮಾಡ್ಕೋಬೇಡಿ ಸಾರ್. ನಿಮ್ದು ಮೊದಲ ಸಾಲು ಓದ್ತೀನಿ, ಕೊನೆ ಸಾಲು ಓದ್ತೀನಿ. ಮಧ್ಯೆ ಓವರ್‌ಟೇಕ್ ಮಾಡ್ಬಿಡ್ತೀನಿ."

ಹೆಡ್ ಕ್ಲರ್ಕರಿಗೆ ತಮ್ಮದೇ ಡೈರಿಯ ಒಂದೊಂದು ಪ್ರತಿ ಬಳಗದ ಹದಿನೆಂಟು ಮನೆಗಳಲ್ಲೂ ಇರುವುದು ಕಣ್ಣಿಗೆ ಕಟ್ಟಿದಂತಾಯಿತು. ಆಗ ಟೈಲರಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿ ಹೇಳಿದರು: "ಮೂರನೇ ಕಂತಲ್ಲಿ, ಎರಡನೇ ಕಂತಿನ ನಾಲ್ಕು ಪ್ಯಾರಾ ಹಾಗೇ ಬಂದಿದೆ ರೀ, ತೆಗೀಬೇಕಿತ್ತು. ಆದ್ರೆ ಕೊನೇಲಿ ಬರುತ್ತಲ್ಲ, ನೀವು ಚಿಕ್ಕೋರಿದ್ದಾಗ ಕರೆಂಟು ಹೋದ್ರೆ ನಿಮ್ಮಪ್ಪ ಪರೀಕ್ಷೆ ಓದು ಮುಗಿಯೋವರೆಗೂ ಟಾರ್ಚು ಹಿಡ್ಕೊಂಡು ಪಕ್ಕ ನಿಂತಿರ್ತಿದ್ರು ಅಂತ, ಅದನ್ನ ಮಾತ್ರ ಎರಡು ಸಲ ಓದಿದೆ. ಅದಕ್ಕೇ ಕೋಣೆ ಹೋದ ಸಿಟ್ಟಿದ್ರೂ ಅಷ್ಟು ದಿನ ಜಗಳ ಆಡದೆ ಸುಮ್ಮನಿದ್ದೆ."

"ನೀನು... ನನ್ನ ಬ್ಲಾಗ್ ಓದ್ತೀಯಾ?"

"ಅರವತ್ತೆರಡೂ ಓದಿದೀನಿ. ಕಮೆಂಟು ಹಾಕೋದು ಹೇಗೆ ಅಂತ ಆಗ ಗೊತ್ತಿರ್ಲಿಲ್ಲ, ಅಷ್ಟೇ."

ಹೆಡ್ ಕ್ಲರ್ಕರು ಕೈಯಲ್ಲಿದ್ದ ಡೈರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡರು.

ಅತಿಥಿಗಳು ಹೋದ ಮೇಲೆ ಅವರು ಓಣಿಗೆ ಬಂದು ತಮ್ಮ ಮೇಜಿನ ಮುಂದೆ ಕೂತರು. ಮೊಳಕಾಲು ಬಕೆಟ್ಟಿಗೆ ಬಡಿಯಿತು. ಮಂಕು ಬಲ್ಬಿನಲ್ಲಿ ತಮ್ಮ ಕೈಯೇ ತಮಗೆ ಸರಿಯಾಗಿ ಕಾಣಲಿಲ್ಲ. ಇಲ್ಲಿ ಸೂಜಿಗೆ ದಾರ ಪೋಣಿಸಬೇಕೇ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಫೋನು ತೆಗೆದು 'ಹೊಲಿಗೆ ಬಿಚ್ಚಿದಾಗ' ತೆರೆದರು. ಹೆಬ್ಬೆರಳು ಅಭ್ಯಾಸಬಲದಿಂದ ಕೆಳಗೆ ತಳ್ಳಲು ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಮೊದಲ ಸಾಲಿನಿಂದ ಓದಿದರು. ಮೂರನೇ ಗುಂಡಿ ಓದಿ ನಕ್ಕರು. ಉಗುರಿಗೆ ಹೋದ ಸೂಜಿ ಓದಿದರು. ತಿರುವುಮುರುವಾದ ತೋಳು ಓದಿದರು. 'ಮೂರು ದಿನ ಮೂರು ಸಲ ಹೇಳಿದೆ, ಕೇಳಿಸಲಿಲ್ಲ. ಅವರದೇನೂ ತಪ್ಪಿಲ್ಲ, ಅವರಿಗೆ ಕೆಲಸ ಜಾಸ್ತಿ' ಎಂಬ ಸಾಲು ಬಂದಾಗ ಮುಂದೆ ಓದಲಾಗಲಿಲ್ಲ. ನಾಚಿಕೆಯಾಯಿತು. ಚೆನ್ನಾಗಿ ಆಯಿತು.

ಒಂದು ಒಳ್ಳೆ ಕಮೆಂಟು ಬರೆಯಬೇಕು, ಡೈರಿಯಲ್ಲಿಲ್ಲದ್ದು ಎಂದು ಕೂತರು. ಬರೆದರು, ಅಳಿಸಿದರು. ಮತ್ತೆ ಬರೆದರು, ಅಳಿಸಿದರು. ಅರವತ್ತೆರಡು ಲೇಖನ ಬರೆದ ಕೈಗೆ ಒಂದು ಸಾಲು ಹುಟ್ಟಲಿಲ್ಲ. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಆಗಿದ್ದನ್ನು ಆದ ಹಾಗೇ ಬರೆದರು: 'ಕಣ್ಣು ತೇವವಾಯಿತು.'

ಕಿಟಕಿ ಕೋಣೆಯಲ್ಲಿ ಮೆಷಿನ್ನಿನ ಸದ್ದು ನಿಂತಿತು. ಒಂದು ಗಳಿಗೆ ಬಿಟ್ಟು ಮಗಳ ದನಿ ಕೇಳಿಸಿತು. "ಅಮ್ಮಾ, ಇವತ್ತು ಭಾನುವಾರ ಅಲ್ವಾ?"

"ಅಯ್ಯೋ, ಇಲ್ಲ ಕಣ್ರೇ! ಇದು ನಿಜವಾದ್ದು! ಈ ಸಲ ಓದಿದೀನಿ! ನನ್ನಾಣೆ!" ಎಂದು ಹೆಡ್ ಕ್ಲರ್ಕರು ಓಣಿಯಿಂದ ಕೂಗಿಕೊಂಡರು. ಎದ್ದ ರಭಸಕ್ಕೆ ಬಕೆಟ್ಟು ಉರುಳಿತು.

ಕೋಣೆಯಲ್ಲಿ ಮೆಷಿನ್ನು ಮತ್ತೆ ಗಡಗಡನೆ ಓಡತೊಡಗಿತು. ಹೆಡ್ ಕ್ಲರ್ಕರು ಒದ್ದೆ ಕಾಲಿನಲ್ಲೇ ನಿಂತು ಫೋನು ನೋಡಿದರು. ಅವರ ಕಮೆಂಟಿನ ಕೆಳಗೆ ಟೈಲರಮ್ಮನ ಉತ್ತರ ಬಂದಿತ್ತು, ಒಂದೇ ಪದ.

'ಪರಿಶೀಲಿಸಲಾಗಿದೆ.'